ಗೋಡೆಯ ಕಡೆ

ಇಸ್ತ್ರಿ ಅಂಗಡಿಯವನು ಪಾರ್ಶ್ವವಾಯು ಬಡಿದ ಹೆಂಡತಿಯನ್ನು ಗೋಡೆಯ ಕಡೆಗೆ ಹೊರಳಿಸಿ, ಮಂಡಿಗಳ ನಡುವೆ ದಿಂಬಿಟ್ಟು, ಹಾಸಿಗೆಯ ಬಟ್ಟೆಯನ್ನು ಅಂಗೈಯಿಂದ ಸವರಿದ. ಸುಕ್ಕಿನ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ತಿಂಗಳಿಗೊಮ್ಮೆ ಬರುವ ನರ್ಸ್ ಬೆನ್ನು, ಸೊಂಟ, ಹಿಮ್ಮಡಿ ಒತ್ತಿ ನೋಡಿದಳು. "ಮೂರು ವರ್ಷ ಮಲಗಿದ್ರೂ ಒಂದು ಹುಣ್ಣಿಲ್ವಲ್ಲ!"

"ಎಲ್ಲೂ ಕೆಂಪಾಗಕ್ಕೇ ಬಿಟ್ಟಿಲ್ಲ ಸಿಸ್ಟರ್," ಎಂದ ಅವನು ಹೆಮ್ಮೆಯಿಂದ. "ಎರಡು ಗಂಟೆಗೊಂದ್ಸಲ ಬಂದು ತಿರುಗಿಸಿ ಹೋಗ್ತೀನಿ. ಕೂತು ಮಾತಾಡಕ್ಕೆ ಪುರುಸೊತ್ತೆಲ್ಲಿ? ಬಟ್ಟೆ ರಾಶಿ ಬಿದ್ದಿರುತ್ತೆ."

ನರ್ಸ್ ಬಗ್ಗಿ, ಹೆಂಡತಿಯ ಸ್ವಾಧೀನವಿದ್ದ ಕೈಯನ್ನು ಎತ್ತಿಕೊಂಡಳು. "ಉಗುರಲ್ಲಿ ಇದೇನಮ್ಮಾ, ಸುಣ್ಣ?"

ಅವಳು ಥಟ್ಟನೆ ಮುಷ್ಟಿ ಬಿಗಿದಳು.

ಅವನಿಗೆ ಅರ್ಥವಾಗಲಿಲ್ಲ. ಗೋಡೆಗೆ ಒತ್ತಿಕೊಂಡಿದ್ದ ಮಂಚವನ್ನು ಮೂರು ವರ್ಷದಲ್ಲಿ ಮೊದಲ ಸಲ ಈಚೆಗೆಳೆದು, ಸಂದಿಯಲ್ಲಿ ಬಗ್ಗಿ ನೋಡಿದ. ಹಾಸಿಗೆಯ ಮರೆಯಲ್ಲಿ, ಅವಳ ಬೆರಳು ಮುಟ್ಟುವಷ್ಟು ಜಾಗದಲ್ಲಿ, ಗೋಡೆಯ ಸುಣ್ಣ, ಗಾರೆ ಎಲ್ಲ ಕಿತ್ತುಬಂದು ಅಂಗೈಯಗಲ ಗುಳಿ ಬಿದ್ದಿತ್ತು. ಒಳಗಿನ ಇಟ್ಟಿಗೆ ಕೆಂಪಗೆ ಕಾಣುತ್ತಿತ್ತು.