ಕವಲಿಗೊಂದು ಕೊಳೆಬಟ್ಟೆ

ಮೂರನೆಯ ಬಟ್ಟೆ ಕಂಡಾಗ ಲಾಂಡ್ರಿಯವನಿಗೆ ವಾಕರಿಕೆಯೇ ಬಂತು.

ಹರಕು ಬನಿಯನ್ನು. ಕರಿ ಎಣ್ಣೆಯಲ್ಲಿ ಮುಳುಗೆದ್ದ ಹಾಗಿತ್ತು. ದಾರಿ ಕವಲೊಡೆಯುವಲ್ಲಿ, ದೊಡ್ಡ ರಸ್ತೆಯ ಬದಿಯ ಕೊಂಬೆಗೆ, ಕಣ್ಣಿಗೆ ರಾಚುವಂತೆ ಯಾರೋ ಗಂಟು ಹಾಕಿ ಹೋಗಿದ್ದರು. ಹಿಂದಿನ ಕವಲಿನಲ್ಲೂ ದೊಡ್ಡ ರಸ್ತೆಯ ಬದಿಗೇ ಒಂದು ಕಾಲುಚೀಲ. ಅದಕ್ಕೂ ಮೊದಲು, ಹೇಳಲು ನಾಚಿಕೆಯಾಗುವಂಥ ಒಂದು ಚಡ್ಡಿ. ಇಷ್ಟು ಚೆಂದದ ಬೆಟ್ಟಕ್ಕೆ ಬಂದು ಚಡ್ಡಿ ಬಿಟ್ಟು ಹೋಗುವ ಜನವೂ ಇರುತ್ತದಲ್ಲ! ಫೋಟೊ ತೆಗೆದು ಗೆಳೆಯರಿಗೆ ಕಳಿಸೋಣವೆಂದರೆ ಸಿಗ್ನಲ್ಲೂ ಇಲ್ಲ. ಥೂ ಎಂದು ಉಗಿದ. ಆಮೇಲೆ ಉಗಿದದ್ದಕ್ಕೂ ಅಸಹ್ಯಪಟ್ಟು ಕಾಲಿನಿಂದ ಅದರ ಮೇಲೆ ಮಣ್ಣೆಳೆದ.

ಚಾಕುವಿನಿಂದ ಗಂಟು ಕೊಯ್ದು, ಬನಿಯನ್ನನ್ನು ಎರಡು ಕಡ್ಡಿಗಳಲ್ಲಿ ಹಿಡಿದು, ಹ್ಯಾಂಡಲಿಗೆ ನೇತುಹಾಕಿದ್ದ ಚೀಲಕ್ಕೆ ಇಳಿಬಿಟ್ಟ. ಊರಿನ ಕೊಳೆ ತೊಳೆದು ಹೊಟ್ಟೆ ಹೊರೆಯುವ ಇವನಿಗೆ ಕೊಳೆ ಕಂಡರಾಗದು. ಅಂಗಡಿ ಮುಚ್ಚಿದರೂ ಮೂಗು ಮುಚ್ಚುತ್ತಿರಲಿಲ್ಲ.

ಆ ಮೂಗೇ ಸಂಸಾರಕ್ಕೆ ಮುಳುವಾಗಿತ್ತು. ಹೋದ ತಿಂಗಳು ಅಡುಗೆಮನೆಯಿಂದ ಬೆವರಿ ಬಂದು ಪಕ್ಕ ಕೂತ ಹೆಂಡತಿಗೆ, "ಮೊದಲು ಸ್ನಾನ ಮಾಡು ಹೋಗು" ಎಂದು ಮುಖ ತಿರುಗಿಸಿದ್ದ.

"ನಾನೇನು ನಿಮ್ಮ ಅಂಗಡಿಗೆ ಬಂದ ಕೊಳೆಬಟ್ಟೆನಾ?" ಎಂದವಳೇ ತವರಿಗೆ ಹೊರಟುಹೋದಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅವಳಿಲ್ಲದ ಮನೆ ಫಳಫಳ ಹೊಳೆಯುತ್ತಿತ್ತು. ಅವನಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಗೆಳೆಯ ಮೆಕ್ಯಾನಿಕ್ಕೇ ಉಪಾಯ ಹೇಳಿದ. "ನಾನೂ ನಮ್ಮ ಸ್ಕೂಲ್ ಮೇಷ್ಟ್ರೂ ವ್ಯಾನಲ್ಲಿ ಮುಂಚೆ ಹೋಗಿ ಬೆಟ್ಟದ ಮೇಲೆ ಟೆಂಟ್ ಹಾಕಿರ್ತೀವಿ. ನಿನ್ನ ಹೆಂಡ್ತಿನೂ ಬರ್ತಾಳೆ. ನೀನು ಒಬ್ನೇ ಸೈಕಲ್ ತುಳ್ಕೊಂಡು ಬಾ. ದಾರಿ ನಿನಗೇನು ಹೊಸದಲ್ಲ. ಚೆನ್ನಾಗಿ ಬೆವರಿ, ನಾರ್ಕೊಂಡು ಬಾ. ಅವಳೂ ಒಂಚೂರು ನೋಡ್ಲಿ."

ಬೆಳಗಿನಿಂದ ತುಳಿದು ಅಂಗಿ ಬೆನ್ನಿಗಂಟಿತ್ತು. ತನ್ನ ಕಂಕುಳಿನ ನಾತ ತನಗೇ ಬಡಿಯುತ್ತಿತ್ತು. ಅವಳು ಮನೆಗೆ ಬಂದರೆ ಸಾಕೆಂದು ಸಹಿಸಿಕೊಂಡ.

ಕೊನೆಯ ಕವಲು ಹಳೆಯ ಕಲ್ಲುಕ್ವಾರಿಯದು. ಎಡಕ್ಕೆ, ಒಂದು ಕಾಲದಲ್ಲಿ ಲಾರಿಗಳು ಓಡಾಡಿದ ಅಗಲ ರಸ್ತೆ. ಇಳಿಜಾರು, ತುಳಿಯುವುದೇ ಬೇಡ. ಆದರೆ ಒಂದು ತಿರುವಿನಾಚೆ ಗುಡ್ಡ ಕುಸಿದು ರಸ್ತೆಯೇ ಇಲ್ಲ, ಕೆಳಗೆ ಬರೀ ಪ್ರಪಾತ. ಅಡ್ಡಲಾಗಿಟ್ಟಿದ್ದ ಡ್ರಮ್ಮುಗಳನ್ನೂ ಯಾರೋ ಗುಜರಿಗೆ ಹಾಕಿದ್ದರು. ಬಲಕ್ಕೆ ಮೇಲೆ ಹತ್ತುವ, ವ್ಯಾನೊಂದು ಹಿಡಿಸುವಷ್ಟೇ ಕಿರಿದಾದ ಮಣ್ಣುದಾರಿ. ಅದರ ಬಾಯಲ್ಲೇ ಮತ್ತೊಂದು ಬಟ್ಟೆ ಎಣ್ಣೆ ಜಿನುಗಿಸುತ್ತ ನೇತಾಡುತ್ತಿತ್ತು.

"ಇಲ್ಲೂ ಬಿಟ್ಟಿಲ್ಲವಲ್ಲ, ಹಂದಿಗಳು!" ಅದನ್ನೂ ಕೊಯ್ದು ಚೀಲಕ್ಕೆ ಹಾಕಿದ. ಮಂಜು ಇಳಿಯತೊಡಗಿತ್ತು.

ಟೆಂಟಿನ ಮುಂದೆ ಮೇಷ್ಟ್ರು ಒಲೆ ಊದುತ್ತಿದ್ದರು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿದ್ದ. ಅವನ ಕೈಯಲ್ಲೂ ಅಂಥದೇ ಎಣ್ಣೆ ಕುಡಿದ ಹರಕು ಬನಿಯನ್ನು. ಲಾಂಡ್ರಿಯವನಿಗೆ ಮೈಯೆಲ್ಲ ಉರಿದುಹೋಯಿತು. ಚೀಲವನ್ನು ತಂದು ಅವನ ಕಾಲ ಬುಡದಲ್ಲೇ ಸುರಿದ.

"ನಿಂದೇನೋ ಈ ಕೆಲಸ? ಅಸಹ್ಯ ಅನ್ಸಲ್ವಾ? ಕೆಳಗಿಂದ ಕಿತ್ಕೊಂಡೇ ಬಂದಿದೀನಿ, ಒಂದನ್ನೂ ಬಿಟ್ಟಿಲ್ಲ!"

ಮೆಕ್ಯಾನಿಕ್ ಆ ರಾಶಿಯನ್ನೇ ನೋಡಿದ. ಮುಖ ಬಿಳಿಚಿಕೊಂಡಿತು.

"ಎಲ್ಲಾನೂ ಕಿತ್ತುಬಿಟ್ಯಾ?"

"ಎಲ್ಲಾನೂ. ಅವಳೆಲ್ಲಿ?"

"ನಿನ್ನ ಹಿಂದೆ ಕಣೋ." ಮೆಕ್ಯಾನಿಕ್ ಕೆಳಗಿನ ದಾರಿಯ ಕಡೆ ಕೈ ತೋರಿಸಿದ. "ವ್ಯಾನ್ ಬೇಡ ಅಂದ್ಲು. ನಾನೂ ಸೈಕಲ್ ತುಳಿದು ಬೆವರಿಕೊಂಡೇ ಹೋಗಿ ಎದುರು ನಿಲ್ತೀನಿ, ಆಗ್ಲೂ ಮೂಗು ಮುಚ್ಕೊಳ್ತಾರಾ ನೋಡೋಣ ಅಂದ್ಲು. ದಾರಿ ಗೊತ್ತಿಲ್ವಲ್ಲ, ಬಟ್ಟೆ ಕಟ್ಟಿರೋ ಕಡೆ ತಿರುಗು ಅಂತ ಹೇಳಿದೀನಿ."

ಮೇಷ್ಟ್ರು ಒಲೆ ಬಿಟ್ಟು ಎದ್ದು ನಿಂತರು. ಲಾಂಡ್ರಿಯವನು ಆಗಲೇ ಸೈಕಲ್ ತಿರುಗಿಸಿದ್ದ.

"ಬಟ್ಟೆ ಕಾಣದೇ ಇದ್ರೆ?" ಅಲ್ಲಿಂದಲೇ ಕೇಳಿದ.

"ಅಗಲ ರಸ್ತೆ ಹಿಡಿ, ಯೋಚ್ನೇನೇ ಮಾಡ್ಬೇಡ ಅಂದಿದೀನಿ."