ಎಟುಕದ ಕಾಲು

ಹೊಸ ನಾಟಕಕ್ಕೆ ಸಂಗೀತ ಕಟ್ಟಲು ತಾತನ ಹಳೆಯ ಹಾರ್ಮೋನಿಯಂ ತೆರೆದಾಗಲೆಲ್ಲ, ಒಳಗಿನ ನುಸಿಗುಳಿಗೆಯ ವಾಸನೆಗೆ ಈಗಲೂ ನನ್ನ ಪಾದಗಳು ತಣ್ಣಗಾಗುತ್ತವೆ.

ರಾಜಘಟ್ಟದ ನಮ್ಮ ಮನೆಯಲ್ಲಿ ಎಲ್ಲರೂ ಪೌರಾಣಿಕ ನಾಟಕದವರು. ಅಪ್ಪ ಭೀಮ, ಅತ್ತೆ ದ್ರೌಪದಿ. ಇಬ್ಬರಿಗೂ ಹಾಡು ಕಲಿಸಿದ ಮೇಷ್ಟ್ರು ತಾತ. ತಾತನದು ಕಾಲಿನಿಂದ ತುಳಿದು ಗಾಳಿ ತುಂಬುವ ಹಾರ್ಮೋನಿಯಂ. ನನಗೂ ಕಲಿಸು ಎಂದು ಪೀಡಿಸಿದರೆ, "ಮೊದ್ಲು ಕಾಲು ಎಟುಕ್ಲಿ ಕಣವ್ವ, ಆಮೇಲೆ ಹೇಳ್ಕೊಡ್ತೀನಿ" ಎನ್ನುತ್ತಿದ್ದರು. ನನಗೆ ಏಳು ತುಂಬುವ ಮೊದಲೇ ತೀರಿಕೊಂಡರು.

ತಿಥಿಯ ಮಾರನೆಯ ಮಧ್ಯಾಹ್ನ ಮನೆಯಲ್ಲಿ ಅಜ್ಜಿ, ನಾನು ಇಬ್ಬರೇ. ಅಜ್ಜಿ ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದರು. ನಾನು ತಾತನ ಸ್ಟೂಲ್ ಹತ್ತಿ, ಅವರ ಬೆರಳಿಗೆ ಸವೆದು ನುಣುಪಾಗಿದ್ದ ಬಿಳಿ ಕೀಗಳ ಮೇಲೆ ಕೈಯಿಟ್ಟೆ. ಸ್ವರ ಹೊರಟಿತು. ಅದರ ಹಿಂದೆಯೇ ಇನ್ನೊಂದು. ನಾನೆಂದೂ ಕೇಳಿರದ ಒಂದು ಹಾಡಿನ ಧಾಟಿ ತಾನಾಗಿ ಬೆರಳಿಗೆ ಬಂತು. ಖುಷಿಗೆ ಕೂಗಿದೆ: "ಅಜ್ಜೀ, ಇದು ನಾನೇ ಕಟ್ಟಿದ್ದು!"

ಅಜ್ಜಿ ಬಾಗಿಲಿಗೆ ಬಂದು ನಿಂತರು. ಕೈಗೆ ರಾಗಿ ಹಿಟ್ಟು ಮೆತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ. ಸ್ಟೂಲಿನಿಂದ ಜೋಲಾಡುತ್ತಿದ್ದ ನನ್ನ ಕಾಲುಗಳನ್ನೂ, ಅವುಗಳಿಂದ ಒಂದು ಗೇಣು ಕೆಳಗೆ ಏಳುತ್ತ ಬೀಳುತ್ತಿದ್ದ ತುಳಿಯುವ ಹಲಗೆಗಳನ್ನೂ ನೋಡಿದರು. ನಾನು ಕೈ ತೆಗೆದ ಮೇಲೂ ಅವು ನಿಲ್ಲಲಿಲ್ಲ.

"ಕೆಳಗಿಳಿ ಮಗ" ಎಂದು ಮೆಲ್ಲಗೆ ನನ್ನನ್ನು ಇಳಿಸಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು, ಖಾಲಿ ಸ್ಟೂಲಿನ ಕಡೆ ತಿರುಗಿದರು.

"ಕಾಲು ಎಟುಕೋವರ್ಗೂ ತಡೀಲಿಲ್ವಲ್ಲ ನೀವು. ಸಾಕು, ಏಳಿ. ಮುದ್ದೆ ಆರೋಗ್ತದೆ."

ಹಲಗೆಗಳು ನಿಂತವು.