ಡಿಸೆಂಬರ್ ಮೂರರ ಬೂಟು

೨೦೨೪ರ ಡಿಸೆಂಬರ್ ೩, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಬೀದರಿನ ಒಂದು ಫಿಜಿಯೋಥೆರಪಿ ಕಾಲೇಜಿನ ಸಭಾಂಗಣದಲ್ಲಿ, ವೇದಿಕೆಯ ಪರದೆಯ ಹಿಂದೆ, ಇಂಟರ್ನ್ ಕರುಣಾ ಐದು ವರ್ಷದ ಗೌಹರಳ ಎಡಗಾಲನ್ನು ಹೊಸ ಸ್ಪ್ಲಿಂಟಿನೊಳಗೆ, ಪಾದಕ್ಕೆ ಆಧಾರ ಕೊಡುವ ಪ್ಲಾಸ್ಟಿಕ್ ಬೂಟಿನೊಳಗೆ, ಇಳಿಸಲು ನೋಡುತ್ತಿದ್ದಳು. ಕಾಲು ಇಳಿಯಲಿಲ್ಲ. ಬೆರಳುಗಳು ಪ್ಲಾಸ್ಟಿಕ್ಕಿನ ಅಂಚು ದಾಟಿ ಹೊರಗೆ ಇಣುಕಿದವು. ಹಿಮ್ಮಡಿ ತಳ ಮುಟ್ಟದೆ ಹಿಂಬದಿಗೆ ಒತ್ತಿಕೊಂಡು ಅರ್ಧಕ್ಕೇ ನಿಂತಿತು.

ಸ್ಪ್ಲಿಂಟ್ ಬೇರೆ ಯಾರದೋ ಅಲ್ಲ, ಗೌಹರಳದೇ. ಫೆಬ್ರುವರಿಯಲ್ಲಿ ಅವಳ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದಿದ್ದರು, ಮಾರ್ಚಿನಲ್ಲಿ ತಯಾರಾಗಿಯೂ ಬಂದಿತ್ತು. ಆದರೆ ವಿಶ್ವ ಅಂಗವಿಕಲರ ದಿನ ಬರುವುದು ಡಿಸೆಂಬರಿನಲ್ಲಿ. ಬ್ಯಾನರು, ಫೋಟೊ, ಮುಖ್ಯ ಅತಿಥಿ ಇಲ್ಲದೆ ಕೊಟ್ಟದ್ದನ್ನು ಮಕ್ಕಳ ವಿಭಾಗದ ಮುಖ್ಯಸ್ಥ ಡಾ. ಪ್ರವೀಣಕುಮಾರರು ಕೊಟ್ಟದ್ದೆಂದೇ ಒಪ್ಪುತ್ತಿರಲಿಲ್ಲ. ‘ಸುಮ್ನ ಕೈಯಾಗ ಹಿಡಿಸಿ ಕಳಿಸಿದರ ಯಾರಿಗಿ ಕಾಣಸ್ತದ?’ ಎಂಬುದು ಅವರ ಪ್ರಶ್ನೆ. ಹೀಗಾಗಿ ಸ್ಪ್ಲಿಂಟ್ ಸಮಾರಂಭಕ್ಕಾಗಿ ಕಪಾಟಿನಲ್ಲಿ ಕಾಯಿತು. ಕಾಲು ಕಾಯಲಿಲ್ಲ.

“ಸರ್, ಇದು ಆಗಂಗಿಲ್ರಿ. ಸಣ್ಣದಾಗ್ಯಾದ.”

“ಹತ್ತು ನಿಮಿಷದ ಕೆಲಸ ಅದ, ತಂಗಿ. ಒಳಗ ಹತ್ತಿ ಇಟ್ಟು ಕಟ್ಟು.”

“ಹತ್ತಿ ಇಟ್ಟರ ಜಾಗ ಇನ್ನೂ ಕಡಿಮಿ ಆಗ್ತದಲ್ರಿ, ಸರ್.”

“ಬಾಳ ಶಾಣ್ಯಾಕಿ ಇದ್ದಿ! ನಿನ್ನ ಇಂಟರ್ನ್‌ಶಿಪ್ ಸರ್ಟಿಫಿಕೇಟಿಗಿ ಸಹಿ ಹಾಕಾಂವ ನಾನೇ ಇದ್ದೀನಿ, ನೆನಪಿರ್ಲಿ,” ಎಂದು ಮುಖ್ಯಸ್ಥರು ಹಾರಗಳ ತಟ್ಟೆಯ ಕಡೆ ನಡೆದರು.

ಗೌಹರಳ ತಾಯಿ ತರನ್ನುಮ ಠಾಣಾ ಕುಶನೂರದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಮಗಳಿಗೆ ಈದಿನ ಜರಿ ಫ್ರಾಕು ತೊಡಿಸಿದ್ದಳು. “ಜೂನದಾಗೇ ಸಾಲಿಗಿ ಹಚ್ಚಬೇಕಿತ್ತು ಅಕ್ಕಾ. ನಡಿಯೋದು ಬಂದ ಮ್ಯಾಲ ಕರಕೊಂಡು ಬಾ ಅಂದ್ರು ಮಾಸ್ತರರು. ಈ ಬೂಟ ಹಾಕ್ಕೊಂಡರ ನಡೀತಾಳಲ್ಲಾ?” ಎಂದಳು. ಇದನ್ನು ಹಾಕಿಕೊಂಡರೆ ಇಲ್ಲ ಎಂದು ಹೇಳಬೇಕಿತ್ತು. “ನೋಡೋಣ್ರಿ,” ಎಂದಳು ಕರುಣಾ. ಅಳುವ ಮಗುವನ್ನು ನಗಿಸುವುದು, ಬಿಗಿದ ಸ್ನಾಯುವನ್ನು ಮೆಲ್ಲಗೆ ಎಳೆದು ಸಡಿಲಿಸುವುದು, ಅತಿಥಿಗಳ ಕುರ್ಚಿ ಒರೆಸುವುದು, ‘ನೋಡೋಣ್ರಿ’ ಎನ್ನುವುದು. ತರಬೇತಿಯಲ್ಲಿ ಅವಳಿಗೆ ಈ ನಾಲ್ಕರಲ್ಲೂ ಕೈ ಪಳಗಿತ್ತು.

ಮುಖ್ಯ ಅತಿಥಿಗಳು ಕೊಳಾರದಲ್ಲಿ ಕಾರ್ಖಾನೆ ಇಟ್ಟ ಸಾಹುಕಾರರು. ಶಾಲು, ಪೇಟ, ಹಾರಗಳ ಭಾರದೊಂದಿಗೇ ಅವರು ಗೌಹರಳ ಮುಂದೆ ಮೊಣಕಾಲೂರಿ ಪಟ್ಟಿ ಬಿಗಿದರು. “ಸಾಹೇಬ್ರ, ಇನ್ನೊಮ್ಮಿ. ಪೇಟ ಅಡ್ಡ ಬಂತು,” ಎಂದ ಫೋಟೊದವನು. ಸಾಹುಕಾರರು ಇನ್ನೊಮ್ಮೆ ಬಿಗಿದರು. “ಈ ಕಡಿ ನೋಡಿ ನಗ್ರಿ.” ನಗುತ್ತ ಮತ್ತೊಮ್ಮೆ ಬಿಗಿದರು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಸಾಹುಕಾರರ ಕರುಳು ಕರಗಿತು.

“ಬರೇ ಕಟ್ಟಿದರ ಏನಾತು? ನಡಿಸ್ರಿ ಕೂಸಿಗಿ, ಜನಾ ನೋಡ್ಲಿ,” ಎಂದು ವೇದಿಕೆಯ ಆ ತುದಿಗೆ ಹೋಗಿ ಎರಡೂ ಕೈ ಚಾಚಿದರು. “ಬಾ ಬೇಟಾ, ಬಾ!”

ಗೌಹರ ನಡೆದಳು. ಬೆರಳುಗಳು ಪ್ಲಾಸ್ಟಿಕ್ಕಿನ ಅಂಚಿಗೆ ಮಡಚಿಕೊಂಡವು, ಹಿಮ್ಮಡಿ ಒಂದೊಂದು ಹೆಜ್ಜೆಗೂ ಮೇಲಕ್ಕೆ ಜಾರಿ ಉಜ್ಜಿತು. “ಅಮ್ಮೀ, ದುಖ್ತಾ!” ಎಂದು ಅವಳು ನೋವಿಗೆ ಚೀರಿದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮುಖ್ಯಸ್ಥರು ಮೈಕು ಹಿಡಿದರು. ಮೈಕು ಕೈಗೆ ಬಂದರೆ ಅವರ ಮಾತಿಗೆ ಇಸ್ತ್ರಿ ಬೀಳುತ್ತಿತ್ತು. “ನೋಡಿ, ಬಂಧುಗಳೇ! ಆನಂದಬಾಷ್ಪ ಸುರಿಸುತ್ತಾ ನಡೆಯುತ್ತಿದ್ದಾಳೆ ನಮ್ಮ ಗೌಹರ!” ಸಭೆ ಎದ್ದು ನಿಂತು ಇನ್ನೂ ಜೋರಾಗಿ ತಟ್ಟಿತು.

ಪರದೆಯ ಹಿಂದಿನಿಂದ ಕರುಣಾ ಓಡಿ ಬಂದಳು. ಮಗುವನ್ನು ಎತ್ತಿ, ವೇದಿಕೆಯ ನಡುವೆಯೇ ಕುಳಿತು, ತೊಡೆಯ ಮೇಲೆ ಹಾಕಿಕೊಂಡು ಪಟ್ಟಿಗಳನ್ನು ಪರಪರ ಕಿತ್ತಳು. ಸಭೆ ತಬ್ಬಿಬ್ಬಾಯಿತು. ಮುಖ್ಯಸ್ಥರು ಆಗಲಿಲ್ಲ.

“ಈಗ ನಮ್ಮ ವಿದ್ಯಾರ್ಥಿನಿ, ಸ್ಪ್ಲಿಂಟ್ ಬಿಚ್ಚುವ ಸರಿಯಾದ ವಿಧಾನವನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸುತ್ತಿದ್ದಾರೆ!” ಮತ್ತೆ ಚಪ್ಪಾಳೆ. ಅವರು ಮೈಕನ್ನು ಬೆನ್ನ ಹಿಂದೆ ಸರಿಸಿ ಬಾಗಿದರು. “ಏಳು ಮ್ಯಾಲ! ಮಾನಾ ತಗೀತಿ ಏನು?”

ಕರುಣಾ ಏಳಲಿಲ್ಲ. ಏಪ್ರನ್ನಿನ ಜೇಬಿನಿಂದ ಟೇಪು ತೆಗೆದು ಗೌಹರಳ ಹಿಮ್ಮಡಿಯ ಹತ್ತಿರ ಹಿಡಿದಳು. ತರನ್ನುಮ ವೇದಿಕೆಯ ಮೆಟ್ಟಿಲು ಹತ್ತಿ ಬಂದು, ಸೆರಗು ಬಾಯಿಗೊತ್ತಿ ನಿಂತಳು.

ಸಾಹುಕಾರರಿಗೆ ಕುತೂಹಲವಾಯಿತು. “ಏನ್ ಅಳೀಲಿಕತ್ತಾಳ ಈ ಹುಡುಗಿ?”

“ಪ್ರಗತಿ ಸರ್, ಪ್ರಗತಿ,” ಎಂದರು ಮುಖ್ಯಸ್ಥರು. “ನಮ್ಮಲ್ಲಿ ಎಲ್ಲಾ ಅಳತಿ ಮ್ಯಾಲೇ ನಡೀತದ್ರಿ.”

“ಶಾಬಾಶ್! ಜನಕ್ಕೂ ಗೊತ್ತಾಗ್ಲಿ.” ಸಾಹುಕಾರರು ಮೈಕನ್ನು ಅವರ ಕೈಯಿಂದ ತೆಗೆದುಕೊಂಡು ಕರುಣಾಳ ಬಾಯಿಗೆ ಹಿಡಿದರು. “ಹೇಳು ತಾಯಿ, ಎಷ್ಟಾಗ್ಯಾದ?”

ಕರುಣಾ ಮುಖ್ಯಸ್ಥರ ಮುಖ ನೋಡಿದಳು. ಅವರು ಹಲ್ಲು ಕಾಣುವಂತೆ ನಗುತ್ತಿದ್ದರು, ಬೇಡವೆಂದು ತಲೆಯಾಡಿಸುತ್ತಲೂ ಇದ್ದರು. ಅವಳು ಟೇಪಿನ ಗೆರೆಯನ್ನು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡಳು.

“ತೊಗಲು ಕಿತ್ತದರಿ, ಸರ್,” ಎಂದಳು ಮೈಕಿನಲ್ಲಿ. “ಗಾಯದ ಉದ್ದ ಒಂದು ಸೆಂಟಿಮೀಟರ್, ಎಂಟು ಮಿಲಿಮೀಟರ್.”